ಪೇಟೆಗೆ ಹೋಗುವ ದಿನದಲ್ಲೂ ಉಪಕಾರ ನೆನೆಯುವುದು: ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ಮಲೆನಾಡಿನ ಮನೆಗಳಲ್ಲಿ ಶಿವಮೊಗ್ಗಕ್ಕೆ ಹೋಗುವುದೆಂದರೆ ಒಂದೇ ಕೆಲಸಕ್ಕೆ ಹೋಗುವುದಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ, ಆಮೇಲೆ ಡಾಕ್ಟರು, ಮಧ್ಯಾಹ್ನದೊಳಗೆ ಬ್ಯಾಂಕು, ಹೊತ್ತು ಉಳಿದರೆ ಗಾಂಧಿ ಬಜಾರಿನಲ್ಲಿ ಸಾಮಾನು, ಕತ್ತಲಾಗುವುದರೊಳಗೆ ಊರಿನ ಬಸ್ಸು. ಮನೆ ಮುಟ್ಟಿದರೆ ಕೊಟ್ಟಿಗೆ ಕೆಲಸ, ಅಡುಗೆ, ಮಕ್ಕಳ ಹೋಂವರ್ಕ್. ಇಂಥ ದಿನದ ಕೊನೆಗೆ ನೆನಪಿನಲ್ಲಿ ಉಳಿಯುವುದು ಕಾಯಿಸಿದವರ ಮುಖ ಮಾತ್ರ. ಕೆಲಸ ಮಾಡಿಕೊಟ್ಟವರು, ಜಾಗ ಬಿಟ್ಟವರು, ಮನೆ ನೋಡಿಕೊಂಡವರು ಎಲ್ಲರೂ ಆಯಾಸದಲ್ಲಿ ಅಳಿಸಿಹೋಗುತ್ತಾರೆ.

ಅವರನ್ನು ಅಳಿಸಿಹೋಗದಂತೆ ಹಿಡಿದಿಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದೆ. ಕೃತಜ್ಞತೆಯನ್ನು ಒಂದು ಭಾವವೆಂದುಕೊಂಡು ಅದನ್ನು ಬಲವಂತವಾಗಿ ಮನಸ್ಸಿಗೆ ತಂದುಕೊಳ್ಳಲು ಹೊರಟವರು ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಅದನ್ನು ಲೆಕ್ಕ ಬರೆಯುವ ಕೆಲಸ ಎಂದುಕೊಳ್ಳಿ. ಯಾರು ಮಾಡಿದರು, ಅದಕ್ಕೆ ಅವರಿಗೆ ಎಷ್ಟು ತೊಂದರೆಯಾಯಿತು, ಅವರು ಮಾಡದಿದ್ದರೆ ನಮ್ಮ ದಿನ ಏನಾಗುತ್ತಿತ್ತು? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಭಾವ ತಾನಾಗಿ ಬರುತ್ತದೆ. ಬರದೇ ಹೋದರೂ ಲೆಕ್ಕವಂತೂ ಸರಿಯಾಗಿರುತ್ತದೆ.

ಇದು ಹೊರಗಿನಿಂದ ತಂದ ಪದ್ಧತಿಯೇನೂ ಅಲ್ಲ. ಆಶ್ವಯುಜದ ಹುಣ್ಣಿಮೆಯಲ್ಲಿ ಬರುವ ಭೂಮಿ ಹುಣ್ಣಿಮೆಯನ್ನು ನೋಡಿ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಚಿತ್ತಾರ ಬರೆದು, ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಗಾಗುವ ಮೊದಲೇ ಗದ್ದೆಗೆ ಹೋಗಿ ಚರಗ, ಅಂದರೆ ಆ ಅಡುಗೆಯ ಎಡೆ, ಚೆಲ್ಲುತ್ತಾರೆ. ತೆನೆಗಟ್ಟುವ ಭತ್ತವನ್ನು ಬಸುರಿ ಎಂದೇ ಎಣಿಸಿ ಬಯಕೆಯ ಊಟ ಬಡಿಸುತ್ತಾರೆ. ಈ ಹಬ್ಬದಲ್ಲಿ ನಿಗದಿಯಾದ ದಿನವಿದೆ, ಯಾರಿಗೆ ಎಂಬ ಸ್ಪಷ್ಟತೆಯಿದೆ, ಕೈಯಾರೆ ಮಾಡುವ ಕೆಲಸವಿದೆ, ಬಾಯಿಬಿಟ್ಟು ಕರೆಯುವ ಮಾತಿದೆ. ಈ ನಾಲ್ಕನ್ನೂ ವರ್ಷಕ್ಕೊಂದು ಹಬ್ಬದಿಂದ ಮಾಮೂಲಿ ಮಂಗಳವಾರಕ್ಕೆ ಇಳಿಸಿಕೊಳ್ಳುವುದಷ್ಟೇ ನಮ್ಮ ಕೆಲಸ.

ಸಂಶೋಧನೆಯ ಮಾತನ್ನೂ ಹೇಳಿಬಿಡೋಣ. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪು 10 ವಾರ, ವಾರಕ್ಕೊಮ್ಮೆ, ತಾವು ಕೃತಜ್ಞರಾಗಿರುವ 5 ಸಂಗತಿಗಳವರೆಗೆ ಬರೆಯಿತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿಸಿದರು. ಪವಾಡವೇನೂ ಆಗಲಿಲ್ಲ, ಆದ ಬದಲಾವಣೆ ಸಣ್ಣದು. ಖರ್ಚು ಒಂದು ಪೆನ್ನು, ಐದು ನಿಮಿಷ ಎಂದಾಗ ಸಣ್ಣ ಲಾಭವೂ ಲಾಭವೇ.

ಎಲ್ಲಿ ಬರೆಯುವುದು

ಹೊಸ ಡೈರಿ ತರಬೇಡಿ. ಚೆಂದದ ಡೈರಿಗೆ ಚೆಂದದ ವಾಕ್ಯವೇ ಬೇಕೆನಿಸಿ ಕೈ ಓಡುವುದಿಲ್ಲ. ಅಡುಗೆ ಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರ್ ಇದೆಯಲ್ಲ, ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು, ದನ ಕಟ್ಟಿಸಿದ ದಿನ ಎಲ್ಲ ಬರೆಯುವುದು, ಅದೇ ಸಾಕು. ಚೌಕ ಸಣ್ಣದಿದ್ದರೆ ಕ್ಯಾಲೆಂಡರಿನ ಮೊಳೆಗೇ 40 ಪುಟದ ನೋಟ್‌ಬುಕ್ಕೊಂದನ್ನು ದಾರ ಕಟ್ಟಿ ತೂಗುಹಾಕಿ, ಪೆನ್ನನ್ನೂ ಅದಕ್ಕೇ ಕಟ್ಟಿ. ಪೆನ್ನು ಹುಡುಕಲು ಎದ್ದು ಹೋಗಬೇಕಾದ ದಿನ ಬರೆಯುವುದೇ ಇಲ್ಲ, ಇದು ಖಂಡಿತ. ಫೋನಿನಲ್ಲಿ ಬರೆಯುವೆನೆಂದರೆ ಅಡ್ಡಿಯಿಲ್ಲ, ಆದರೆ ಬರೆಯಲು ತೆಗೆದ ಫೋನು ಅರ್ಧ ಗಂಟೆ ಕೈಯಲ್ಲೇ ಉಳಿಯುವ ಅಭ್ಯಾಸ ಇರುವವರಿಗೆ ಕಾಗದವೇ ಮೇಲು.

ಒಂದು ಸಾಲಿನಲ್ಲಿ ಮೂರು ಭಾಗ ಇರಲಿ: ಯಾರು, ಏನು ಮಾಡಿದರು, ಇಲ್ಲದಿದ್ದರೆ ಏನಾಗುತ್ತಿತ್ತು.

"ಆರೋಗ್ಯ ಚೆನ್ನಾಗಿದೆ, ದೇವರ ದಯೆ" ಎಂದು ಬರೆದರೆ ತಪ್ಪೇನಿಲ್ಲ, ಆದರೆ ನಾಳೆಯೂ ನಾಡಿದ್ದೂ ಅದನ್ನೇ ಬರೆಯುತ್ತೀರಿ, ಮೂರನೇ ದಿನಕ್ಕೆ ಅದು ಕೈಯ ಅಭ್ಯಾಸವಾಗಿ ಮನಸ್ಸಿಗೆ ತಾಗುವುದೇ ಇಲ್ಲ. ಅದರ ಬದಲು ಹೀಗೆ ಬರೆಯಿರಿ: "ಮೇಲಿನ ಮನೆ ಸುಮತಿ ಅತ್ತಿಗೆ ಮಳೆಯಲ್ಲೇ ಬಂದು ಒಣಗಲು ಹರವಿದ್ದ ಅಡಿಕೆಗೆ ಟಾರ್ಪಾಲು ಮುಚ್ಚಿದರು. ಇಲ್ಲದಿದ್ದರೆ ಅಷ್ಟೂ ನೆಂದು ಬೂಸ್ಟು ಬರುತ್ತಿತ್ತು." ಇಂಥ ಸಾಲು ಎರಡು ಸಲ ಬರುವುದಿಲ್ಲ. ವಿವರ ಇದ್ದಷ್ಟೂ ಹಳಸುವುದು ಕಡಿಮೆ.

ಹಿಂದಿನ ರಾತ್ರಿ

ಧಾವಂತದಲ್ಲಿರುವವರಿಗೆ ಯಾರ ಉಪಕಾರವೂ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಈ ಅಭ್ಯಾಸದ ಮೊದಲ ಹಂತ ಫೈಲು ಜೋಡಿಸುವುದು. ಹಳೆಯ ಚೀಟಿಗಳನ್ನು ತಾರೀಕಿನ ಪ್ರಕಾರ, ಹೊಸದು ಮೇಲೆ ಬರುವಂತೆ ಇಡಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಒಂದು ಕವರಿಗೆ ಹಾಕಿ. ಹೆಸರು ಗೊತ್ತಿಲ್ಲದ "ಬಿಳಿ ಗುಳಿಗೆ"ಗಿಂತ ಪಟ್ಟಿ ತೋರಿಸುವುದು ಡಾಕ್ಟರಿಗೂ ಸುಲಭ. ಆಧಾರ್ ಕಾರ್ಡು, ಆಯುಷ್ಮಾನ್ ಕಾರ್ಡು ಇದ್ದರೆ ಅದೂ, ಬಸ್ಸಿಗೆ ಚಿಲ್ಲರೆ, ನೀರಿನ ಬಾಟಲಿ, ಒಂದು ಡಬ್ಬಿ ತಿಂಡಿ. ಡಾಕ್ಟರನ್ನು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬಾಯಿಪಾಠ ಮಾಡಿಕೊಂಡು ಹೋದ ಪ್ರಶ್ನೆ ಡಾಕ್ಟರ ಮುಂದೆ ಕೂತ ತಕ್ಷಣ ಮರೆತುಹೋಗುತ್ತದೆ.

ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿದರೆ ಬೆಳಿಗ್ಗೆ ಎಂಟಕ್ಕೆ ಸರಿಯಾಗುತ್ತದೆ. ಬರೀ ನೀರು ಕುಡಿಯಬಹುದು. ಕಾಫಿ, ಕಷಾಯ ಬೇಡ. "ಸಕ್ಕರೆ ಹಾಕಿಲ್ಲ" ಎಂಬ ಸಮಜಾಯಿಷಿಗೆ ಲ್ಯಾಬಿನಲ್ಲಿ ಬೆಲೆಯಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಬೆಳಿಗ್ಗೆ ತೆಗೆದುಕೊಳ್ಳಬೇಕೋ ಬೇಡವೋ ಎಂಬುದನ್ನು ಮೊದಲೇ ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಇಷ್ಟಾದ ಮೇಲೆ ಚೀಟಿಯ ಹಿಂಭಾಗದಲ್ಲಿ ಒಂದು ಸಾಲು: ನಾಳೆ ನಾನು ಹೊರಗೆ ಹೋಗಲು ಯಾರು ಯಾರು ಒಳಗೆ ಉಳಿಯುತ್ತಾರೆ? ಹಾಲು ಕರೆಯುವವರು, ಅಜ್ಜನಿಗೆ ಮಧ್ಯಾಹ್ನ ಬಡಿಸುವವರು, ಮಗುವನ್ನು ಶಾಲೆ ವ್ಯಾನಿಗೆ ಹತ್ತಿಸುವವರು. ಹೆಸರು ಮಾತ್ರ ಸಾಕು. ಈ ಚೀಟಿ ನಾಳೆ ಕೆಲಸಕ್ಕೆ ಬರುತ್ತದೆ.

ಬೆಳಿಗ್ಗೆ, ಬಚ್ಚಲ ಒಲೆಯ ಮುಂದೆ

ಹೊಸ ಅಭ್ಯಾಸವನ್ನು ಈಗಾಗಲೇ ತಪ್ಪದೆ ಮಾಡುವ ಕೆಲಸವೊಂದಕ್ಕೆ ಗಂಟು ಹಾಕಬೇಕು. ಹಂಡೆ ಇರುವ ಮನೆಯಲ್ಲಿ ಅದಕ್ಕೆ ಬಚ್ಚಲ ಒಲೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಬೆಂಕಿ ಹತ್ತುವವರೆಗೆ ಅಲ್ಲಿಂದ ಏಳುವಂತಿಲ್ಲ, ಕೈಯಲ್ಲಿ ಬೇರೆ ಕೆಲಸವೂ ಇರುವುದಿಲ್ಲ. ಆ ಒಂದು ನಿಮಿಷ ಕಣ್ಣೆದುರಿನ ಒಂದೇ ವಸ್ತುವಿನ ಹಿಂದಿನ ಶ್ರಮವನ್ನು ನೆನೆಯಿರಿ. ಬೇಸಿಗೆಯಲ್ಲಿ ದರಗು (ಒಣಗಿದ ಎಲೆ) ಗುಡಿಸಿ ಹೊತ್ತು ತಂದವರು ಯಾರು? ಮಳೆಗಾಲಕ್ಕೆಂದು ಸೌದೆ ಸೀಳಿ, ಅಟ್ಟದಲ್ಲಿ ಒಟ್ಟಿಟ್ಟವರು ಯಾರು? ಜುಲೈಯಲ್ಲಿ ಒಣ ಸೌದೆ ಕೈಗೆ ಸಿಗಬೇಕಾದರೆ ಏಪ್ರಿಲ್‌ನಲ್ಲಿ ಯಾರದೋ ಬೆನ್ನು ಬಗ್ಗಿರಲೇಬೇಕು.

ಪೇಟೆಯ ಮನೆಯಲ್ಲಿ ಸೋಲಾರ್ ನೀರು ಬರುವವರು ಹಾಲು ಕಾಯುವ ಹೊತ್ತನ್ನು ಹಿಡಿಯಿರಿ. ಒಂದೇ ವಸ್ತು, ಒಂದೇ ನಿಮಿಷ. ಎಲ್ಲದಕ್ಕೂ ಕೃತಜ್ಞನಾಗಿರುತ್ತೇನೆ ಎಂದು ಪಟ್ಟಿ ಉದ್ದ ಮಾಡಿದರೆ ಹಾಲು ಉಕ್ಕುತ್ತದೆ, ಅಷ್ಟೇ.

ಬಸ್ಸಿನಲ್ಲಿ

ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ ಮಂಡಗದ್ದೆ, ಸಕ್ರೆಬೈಲು, ಗಾಜನೂರು ಒಂದರ ಹಿಂದೆ ಒಂದು ಸಿಗುತ್ತವೆ. ಸಾಗರದ ಕಡೆಯವರಿಗೆ ಆನಂದಪುರ, ಕುಂಸಿ, ಆಯನೂರು. ಇವುಗಳಲ್ಲಿ ಒಂದನ್ನು ಗುರುತಾಗಿ ಇಟ್ಟುಕೊಳ್ಳಿ. ಮಂಡಗದ್ದೆಯಲ್ಲಿ ಮಳೆಗಾಲಕ್ಕೆ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ ಕೂತಿರುತ್ತವೆ, ಗುರುತು ತಪ್ಪಿಹೋಗುವ ಭಯವಿಲ್ಲ. ಆ ಊರು ದಾಟುವಾಗ ಚೀಟಿ ತೆಗೆದು ರಾತ್ರಿ ಬರೆದ ಹೆಸರುಗಳನ್ನು ಒಮ್ಮೆ ಓದಿ, ಒಬ್ಬೊಬ್ಬರೂ ಈ ಹೊತ್ತಿಗೆ ಏನು ಮಾಡುತ್ತಿರಬಹುದೆಂದು ಅಂದಾಜಿಸಿ. ಅಷ್ಟೇ ಕೆಲಸ. ಉಳಿದ ಹಾದಿಗೆ ನಿದ್ದೆ ಮಾಡಿದರೂ ಸರಿ.

ಸ್ಟಾಪಿಲ್ಲದಿದ್ದರೂ ನಿಮ್ಮ ತೋಟದ ದಣಪೆಯ (ಬೇಲಿಯ ಗೇಟಿನ) ಹತ್ತಿರ ಬಸ್ಸು ನಿಲ್ಲಿಸುವ ಕಂಡಕ್ಟರು ಇರುತ್ತಾರೆ, ಔಷಧಿಯ ಪೊಟ್ಟಣವನ್ನು ಊರಿಗೆ ಮುಟ್ಟಿಸುವ ಡ್ರೈವರು ಇರುತ್ತಾರೆ. ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಕಡೆ ಈ ಉಪಕಾರ ಎಷ್ಟು ಮಾಮೂಲಿ ಎಂದರೆ ಅದನ್ನು ಉಪಕಾರವೆಂದು ಯಾರೂ ಎಣಿಸುವುದೇ ಇಲ್ಲ. ಇಳಿಯುವಾಗ ಹೆಸರು ಹಿಡಿದು "ಬರ್ತೀನಿ ಮಂಜಣ್ಣ, ನಿಲ್ಸಿದ್ದು ಒಳ್ಳೇದಾಯ್ತು, ಮಂಡಿನೋವು" ಎಂದರೆ ಆಯಿತು. ಹೆಸರು ಗೊತ್ತಿಲ್ಲವೇ? ಇವತ್ತು ಕೇಳಿಕೊಳ್ಳಿ.

ಎರಡು ಗಂಟೆಯ ಬಿಡುವು

ಇಡೀ ದಿನದಲ್ಲಿ ನಿಮ್ಮ ಕೈಗೆ ಸಿಗುವ ದೊಡ್ಡ ಹೊತ್ತು ಇದೇ. ಖಾಲಿ ಹೊಟ್ಟೆಯ ರಕ್ತ ಕೊಟ್ಟು, ತಿಂಡಿ ತಿಂದು, ಊಟದ ನಂತರದ ರಕ್ತ ಕೊಡುವವರೆಗೆ 2 ಗಂಟೆ. ಈ ಎರಡು ಗಂಟೆ ತಿಂಡಿ ತಿನ್ನಲು ಶುರು ಮಾಡಿದ ನಿಮಿಷದಿಂದ ಲೆಕ್ಕ, ಮುಗಿಸಿದ ನಿಮಿಷದಿಂದ ಅಲ್ಲ. ಮೊದಲ ತುತ್ತಿಗೇ ಗಡಿಯಾರ ನೋಡಿಕೊಳ್ಳಿ. ನಡುವೆ ಬೇರೇನೂ ತಿನ್ನಬಾರದು. ಹೊತ್ತು ಕಳೆಯಲೆಂದು ನೆಹರೂ ರಸ್ತೆ, ದುರ್ಗಿಗುಡಿ ಎಲ್ಲ ಬಿರುಸಾಗಿ ಸುತ್ತಿದರೆ ಫಲಿತಾಂಶ ವ್ಯತ್ಯಾಸವಾಗಬಹುದು. ಸುಮ್ಮನೆ ಕೂರುವುದೇ ಡಾಕ್ಟರ ಸೂಚನೆ ಎಂದಮೇಲೆ ಅದನ್ನು ಬಳಸಿಕೊಳ್ಳೋಣ.

ಮೊದಲ ಹತ್ತು ನಿಮಿಷಕ್ಕೆ ಸರಪಳಿ ಬರೆಯಿರಿ. ಹಾಳೆಯ ಕೆಳಗೆ "ಇವತ್ತು ಈ ಕುರ್ಚಿಯಲ್ಲಿ ಕೂತಿದ್ದೇನೆ" ಎಂದು ಬರೆದು, ಅಲ್ಲಿಂದ ಹಿಂದಕ್ಕೆ ಹೋಗಿ. ಪರೀಕ್ಷೆ ಮಾಡಿಸಿ ಎಂದು ಮೊದಲು ಹೇಳಿದವರು ಯಾರು? ಊರಿನ ಆಶಾ ಕಾರ್ಯಕರ್ತೆ ಇರಬಹುದು, ಕಾಲಿನ ಗಾಯ ಒಣಗದ್ದನ್ನು ಗಮನಿಸಿದ ಮಗಳು ಇರಬಹುದು. ಟೋಕನ್ನಿಗೆ ಫೋನು ಮಾಡಿದವರು, ಬಸ್‌ಸ್ಟ್ಯಾಂಡಿಗೆ ಬೈಕಿನಲ್ಲಿ ಬಿಟ್ಟವರು, ಹಣ ಹೊಂದಿಸಿದವರು. ಏಳೆಂಟು ಕೊಂಡಿಯಾದಾಗ ನಿಲ್ಲಿಸಿ. ಅದರಲ್ಲಿ ನೀವು ಇದುವರೆಗೆ ಒಂದು ಮಾತೂ ಹೇಳದಿರುವ ಒಬ್ಬರಿಗೆ ಗೆರೆ ಎಳೆಯಿರಿ. ಅಂಥವರು ಒಬ್ಬರಾದರೂ ಸಿಗುತ್ತಾರೆ.

ಆಮೇಲೆ "ಇಲ್ಲದಿದ್ದರೆ" ಎಂಬ ಅಭ್ಯಾಸ. ಒಳ್ಳೆಯದು ಹೇಗೆ ಬಂತು ಎಂದು ಯೋಚಿಸುವುದಕ್ಕಿಂತ, ಅದು ಬಾರದೇ ಹೋಗಬಹುದಿತ್ತು ಎಂದು ಕಲ್ಪಿಸಿಕೊಂಡವರಿಗೆ ಮನಸ್ಸು ಹೆಚ್ಚು ಹಗುರಾಯಿತು ಎಂದು 2008ರ ಒಂದು ಅಧ್ಯಯನ ತೋರಿಸಿತು. ನಮ್ಮ ಜಿಲ್ಲೆಯವರಿಗೆ ಇದಕ್ಕೆ ಹೊಸ ಉದಾಹರಣೆಯೇ ಇದೆ. ತುಮರಿ, ಸಿಗಂದೂರು ಕಡೆಯವರಿಗೆ ಶರಾವತಿಯ ಹಿನ್ನೀರು ದಾಟಲು ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಬೇನೆ ತಿನ್ನುವ ಬಸುರಿಯನ್ನೂ ಎದೆನೋವು ಬಂದವರನ್ನೂ ಸುತ್ತುದಾರಿಯಲ್ಲಿ ಕರೆದೊಯ್ಯಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಮೊದಲ ತಿಂಗಳು ಎಲ್ಲರೂ ನಿಂತು ಫೋಟೊ ತೆಗೆದರು. ಇನ್ನು ಕೆಲವೇ ವರ್ಷಕ್ಕೆ ಅದು ಬರೀ ರಸ್ತೆ. ಹೀಗಾಗುವುದು ಯಾರ ತಪ್ಪೂ ಅಲ್ಲ, ಮನಸ್ಸು ಎಲ್ಲದಕ್ಕೂ ಒಗ್ಗಿಕೊಳ್ಳುತ್ತದೆ. ಅದಕ್ಕೇ ವಾರಕ್ಕೊಂದು ಸಲ ಯಾವುದಾದರೂ ಒಂದು ಅನುಕೂಲವನ್ನು ಮನಸ್ಸಿನಲ್ಲಿಯೇ ತೆಗೆದು ಹಾಕಿ ನೋಡಬೇಕು: ಸೇತುವೆ ಇಲ್ಲ, 108 ಇಲ್ಲ, ಕನ್ನಡಕ ಇಲ್ಲ. ಒಂದು ಸಲಕ್ಕೆ ಒಂದು ಮಾತ್ರ. ನೆನಪಿಡಿ, ತೆಗೆದು ಹಾಕುವುದು ಅನುಕೂಲವನ್ನು. ಹೆಂಡತಿ, ಮಕ್ಕಳು ಇಲ್ಲವೆಂದು ಕಲ್ಪಿಸಿಕೊಳ್ಳಲು ಹೋದರೆ ಆಸ್ಪತ್ರೆಯ ಬೆಂಚಿನ ಮೇಲೆ ಆತಂಕ ಹೆಚ್ಚಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಪಕ್ಕದ ಬೆಂಚಿನ ರೋಗಿಯನ್ನು ನೋಡಿ "ಅವರಿಗಿಂತ ನಾವೇ ವಾಸಿ" ಎನಿಸುವುದು ಸಹಜ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ಅದು ಇನ್ನೊಬ್ಬರ ಕಷ್ಟದಲ್ಲಿ ಹುಡುಕಿದ ಸಮಾಧಾನ, ಅದರಲ್ಲಿ ಯಾರ ಉಪಕಾರವೂ ಇಲ್ಲ. ನಮಗಿಂತ ಚೆನ್ನಾಗಿರುವವರೊಬ್ಬರು ಎದುರಾದ ಕೂಡಲೇ ಆ ಸಮಾಧಾನವೂ ಹೋಗುತ್ತದೆ.

ಬಿ.ಪಿ. ನೋಡುವ ಮುಂಚಿನ ಐದು ನಿಮಿಷವೂ ಹೀಗೆಯೇ ಸಿಗುವ ಹೊತ್ತು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಅರ್ಧ ಗಂಟೆ ಮುಂಚೆ ಕಾಫಿ ಕುಡಿದಿರಬಾರದು. ಪಟ್ಟಿ ಬಿಗಿಯುವಾಗ ಮಾತಾಡಿದರೆ ಅಂಕಿ ಏರುತ್ತದೆ, ಆದ್ದರಿಂದ ಸಿಸ್ಟರಿಗೆ ಹೇಳಬೇಕಾದ ಒಳ್ಳೆಯ ಮಾತನ್ನೂ ಪಟ್ಟಿ ಬಿಚ್ಚಿದ ಮೇಲೆಯೇ ಹೇಳಿ.

ಹೇಳುವುದು ಹೇಗೆ? ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಒಂದು ಕೌಂಟರಿನ ಮುಂದೆ ಉದ್ದದ ಸಾಲು ನಿಂತಿರುತ್ತದೆ. ಅಲ್ಲಿ ನಿಂತು ಆಶೀರ್ವಾದದ ಭಾಷಣ ಮಾಡಿದರೆ ಹಿಂದಿನವರಿಗೆ ಅಪಕಾರ. ಒಂದೇ ವಾಕ್ಯ, ಅವರು ಮಾಡಿದ ಕೆಲಸವನ್ನೇ ಹಿಡಿದು: "ಸೂಜಿ ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಸಿಸ್ಟರ್", "ರೂಮು ಎಲ್ಲಿ ಅಂತ ಸರಿಯಾಗಿ ಹೇಳಿದ್ರಿ, ಮೆಟ್ಲು ಹತ್ತೋದು ಉಳೀತು." ನೆಲ ಒರೆಸುವ ಆಯಾ, ವೀಲ್‌ಚೇರ್ ತಳ್ಳುವವರು, ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವರು, ಇವರಿಗೆ ಇಂಥ ಮಾತು ಬರುವುದೇ ಕಡಿಮೆ, ಆದ್ದರಿಂದ ಮೊದಲು ಇವರಿಗೆ. ಕೈಗೆ ದುಡ್ಡು ತುರುಕಬೇಡಿ. ಇವತ್ತು ಪ್ರೀತಿಯಿಂದ ಕೊಟ್ಟ ಐವತ್ತು ರೂಪಾಯಿ ನಾಳೆ ಬರುವ ಬಡವರಿಂದ ನಿರೀಕ್ಷಿಸುವ ಐವತ್ತು ರೂಪಾಯಿಯಾಗುತ್ತದೆ.

ರಿಪೋರ್ಟು ಕೆಟ್ಟದಾಗಿ ಬಂದರೆ ಆ ಹೊತ್ತಿಗೆ ಈ ಅಭ್ಯಾಸವನ್ನೆಲ್ಲ ಮಡಿಸಿ ಒಳಗಿಡಿ. ಭಯವಾದವರಿಗೆ, ಅಳುವವರಿಗೆ "ಇಷ್ಟಾದರೂ ಇದೆಯಲ್ಲ" ಎಂದು ಹೇಳುವುದು ಕ್ರೌರ್ಯ. ನೀವು ನಿಮಗೇ ಹೇಳಿಕೊಂಡರೂ ಅಷ್ಟೇ.

ಕೆಲಸ ಆಗದ ಕಚೇರಿ

ಹಕ್ಕಿನ ಕೆಲಸಕ್ಕೂ ಉಪಕಾರಕ್ಕೂ ವ್ಯತ್ಯಾಸ ಇಟ್ಟುಕೊಳ್ಳದಿದ್ದರೆ ಕೃತಜ್ಞತೆ ಗುಲಾಮಗಿರಿಯಾಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರದಂಥ ಸೇವೆಗಳು ಕರ್ನಾಟಕದ ಸಕಾಲ ಕಾಯ್ದೆಯಡಿ ಇಂತಿಷ್ಟು ದಿನದಲ್ಲಿ ಸಿಗಬೇಕಾದವು. ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಿ. ಪ್ರಮಾಣಪತ್ರ ಕೈಗೆ ಕೊಟ್ಟರೆಂದು ಯಾರಿಗೂ ಋಣಿಯಾಗಬೇಕಿಲ್ಲ. ಆದರೆ ಫಾರಂ ತುಂಬಲು ಬಾರದ ಅಜ್ಜಿಗೆ ತನ್ನ ಊಟದ ಹೊತ್ತಿನಲ್ಲಿ ತುಂಬಿಕೊಟ್ಟ ಗುಮಾಸ್ತರದು ಹಕ್ಕಿನ ಹೊರಗಿನ ಕೆಲಸ, ಅದು ನೋಟ್‌ಬುಕ್ಕಿಗೆ ಬರಬೇಕು.

ಕೆಲಸ ಆಗದ ದಿನ ಪುಟದ ನಡುವೆ ಗೆರೆ ಎಳೆದು ಎಡಕ್ಕೆ "ಆಗದ್ದು", ಬಲಕ್ಕೆ "ಆದದ್ದು" ಬರೆಯಿರಿ. ಎಡಗಡೆ ಮುಂದೇನು ಮಾಡಬೇಕು ಎಂಬುದೂ ಇರಲಿ: ಯಾವ ದಾಖಲೆ ಬಾಕಿ, ಯಾವ ತಾರೀಕಿಗೆ ಬರಬೇಕು. ಬಲಗಡೆಯದರಿಂದ ಎಡಗಡೆಯದನ್ನು ವಜಾ ಮಾಡಬೇಡಿ. ಎರಡೂ ಬೇರೆ ಬೇರೆ ಖಾತೆ. ವಿದ್ಯುತ್ತಿಗೆಂದು ಕಟ್ಟಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ, ಗದ್ದೆ ಮುಳುಗಿಸಿಕೊಂಡ ಕುಟುಂಬಗಳು ಹಕ್ಕುಪತ್ರಕ್ಕಾಗಿ ಅಲೆದ ಕತೆ ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅವರಿಗೆ ಸಮಾಧಾನದ ಪಾಠ ಹೇಳುವ ಅಧಿಕಾರ ಯಾರಿಗೂ ಇಲ್ಲ. ಉಳಿದ ನಾವು ಸ್ವಿಚ್ ಒತ್ತುವಾಗ ಅವರನ್ನು ನೆನೆಯುವುದು ಬೇರೆ ಮಾತು, ಅದು ಆಗಬೇಕಾದದ್ದೇ.

ಮನೆಗೆ ಬಂದ ಮೇಲೆ

ಹೊರಗಿನವರಿಗೆ ಹೇಳುವುದು ಸುಲಭ, ಮನೆಯೊಳಗೆ ಕಷ್ಟ. ಅಮ್ಮನಿಗೋ ಅತ್ತೆಗೋ "ಥ್ಯಾಂಕ್ಸ್" ಎಂದರೆ "ಏನಾಗಿದೆ ನಿಂಗೆ?" ಎಂದು ಕೇಳುತ್ತಾರೆ. ಇದಕ್ಕೆ ಉಪಾಯ, ಆ ಪದವನ್ನೇ ಬಿಟ್ಟು ಅವರು ಮಾಡಿದ ಕೆಲಸದ ಬಗ್ಗೆ ವಿಚಾರಿಸುವುದು. ಊಟಕ್ಕೆ ಕಳಲೆ ಪಲ್ಯ ಇದೆ ಎನ್ನಿ. ಎಳೆ ಕಳಲೆ ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಟ್ಟರೆ ಮಾತ್ರ ಅದು ತಿನ್ನಲು ಬರುತ್ತದೆ. ಅಂದರೆ ಈ ರಾತ್ರಿಯ ಪಲ್ಯ ಶುರುವಾದದ್ದು ಮೂರು ದಿನದ ಹಿಂದೆ. "ಅತ್ತೆ, ಚೂರೂ ಕಹಿ ಇಲ್ಲ, ಎಷ್ಟು ಸಲ ನೀರು ಬದಲಿಸಿದ್ರಿ?" ಎಂದು ಕೇಳಿ ನೋಡಿ. ಮಾಡಿದ ಕೆಲಸ ಕಾಣಿಸಿತು ಎಂಬುದು ಅವರಿಗೆ ಮುಟ್ಟುತ್ತದೆ. ಮಾತು ಅಲ್ಲಿಂದ ಪತ್ರೊಡೆಯ ಕೆಸುವಿನೆಲೆಗೂ ಅಪ್ಪೆಮಿಡಿಯ ಉಪ್ಪಿಗೂ ಹೋಗುತ್ತದೆ, ಅದು ಲಾಭದ ಮೇಲೆ ಲಾಭ.

ಇಲ್ಲೊಂದು ಮೋಸವೂ ಇದೆ. "ನಮ್ಮನೆ ಅಕ್ಕಿ ರೊಟ್ಟಿ ಅಂದ್ರೆ ಇವಳದ್ದೇ" ಎಂಬ ಹೊಗಳಿಕೆ ಎಷ್ಟೋ ಸಲ ನಾಳೆಯ ರೊಟ್ಟಿಯನ್ನೂ ಅವಳ ತಲೆಗೇ ಕಟ್ಟುವ ವಿಧಾನ. ಹೊಗಳಿ ಕೂತುಕೊಳ್ಳುವವರ ಕೃತಜ್ಞತೆಗೆ ಮನೆಯ ಹೆಂಗಸರು ಬೆಲೆ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಮಾತಿನ ಜೊತೆ ಒಂದು ಕೆಲಸ ಕೈ ಬದಲಾಗಬೇಕು. ಪೇಟೆಗೆ ಹೋಗಿ ಬಂದವರು ಆ ರಾತ್ರಿಯ ಪಾತ್ರೆ ತೊಳೆಯಲಿ, ಅಥವಾ ಮರುದಿನ ಬೆಳಗಿನ ಕೊಟ್ಟಿಗೆ ಕೆಲಸ ಹಿಡಿಯಲಿ. ರಾತ್ರಿ ಚೀಟಿಯಲ್ಲಿ ಬರೆದ ಹೆಸರುಗಳು ಇದಕ್ಕೇ. ಒಬ್ಬೊಬ್ಬರಿಗೂ ಒಂದು ವಿಚಾರಣೆ, ಒಬ್ಬರ ಒಂದು ಕೆಲಸ ನಿಮ್ಮ ಕೈಗೆ.

ಮಕ್ಕಳನ್ನು ಎದುರು ನಿಲ್ಲಿಸಿ "ಅಜ್ಜಿಗೆ ಥ್ಯಾಂಕ್ಸ್ ಹೇಳು" ಎಂದು ಒತ್ತಾಯ ಮಾಡುವುದು ಬೇಡ. ದೊಡ್ಡವರು ಮಾಡುವುದನ್ನು ನೋಡಿದರೆ ಕಲಿಯುತ್ತಾರೆ, ನೋಡದಿದ್ದರೆ ಇಲ್ಲ.

ಮಲಗುವ ಮುಂಚೆ

ಮೂರು ಸಾಲು, ಪ್ರತಿ ಸಾಲಿಗೂ ಒಂದು "ಯಾಕೆ". 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಜನ ಒಂದು ವಾರ ಪ್ರತಿ ರಾತ್ರಿ ಆ ದಿನದ ಮೂರು ಒಳ್ಳೆಯ ಸಂಗತಿಗಳನ್ನು ಕಾರಣಸಮೇತ ಬರೆದರು. ಅದರ ಪ್ರಯೋಜನ 6 ತಿಂಗಳವರೆಗೂ ಕಂಡಿತು. ವಾರ ಮುಗಿದ ಮೇಲೂ ತಾವಾಗಿ ಮುಂದುವರಿಸಿದವರಿಗೆ ಹೆಚ್ಚು. "ಯಾಕೆ" ಎಂಬ ಭಾಗವನ್ನು ಎಲ್ಲರೂ ಹಾರಿಸುತ್ತಾರೆ, ಅದನ್ನು ಹಾರಿಸಿದರೆ ಉಳಿಯುವುದು ದಿನಚರಿ ಮಾತ್ರ.

ಮೊದಲ ವಾರ ದಿನಾ ಬರೆಯಿರಿ. ಆಮೇಲೆ ವಾರಕ್ಕೊಂದು ದಿನ ಸಾಕು, ನಿಮ್ಮೂರ ಸಂತೆಯ ದಿನವಾದರೆ ಮರೆಯುವುದಿಲ್ಲ. ಸೋನ್ಯಾ ಲ್ಯೂಬೊಮಿರ್‌ಸ್ಕಿ ಮತ್ತು ಸಹೋದ್ಯೋಗಿಗಳ ಅಧ್ಯಯನದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಪ್ರಯೋಜನವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಬಿಟ್ಟುಹೋದ ದಿನಗಳನ್ನು ಹಿಂದಿನಿಂದ ತುಂಬಲು ಕೂರಬೇಡಿ.

ಮಳೆಗಾಲದಲ್ಲಿ ಬರೆಯಲು ಏನೂ ಇಲ್ಲ ಎನ್ನುವವರಿದ್ದಾರೆ. ನಾಲ್ಕು ದಿನ ಕರೆಂಟಿಲ್ಲ, ಮರ ಬಿದ್ದು ರಸ್ತೆ ಬಂದ್, ಬಟ್ಟೆ ಒಣಗುವುದಿಲ್ಲ, ಅಡಿಕೆಗೆ ಕೊಳೆ. ಆ ವಾರ ಒಂದೇ ಸಾಲು ಬರೆದರೂ ನಡೆಯುತ್ತದೆ. ಕರೆಂಟಿನ ದೂರಿನ ನಂಬರು 1912ಕ್ಕೆ ಫೋನು ಮಾಡಿ ಬೈದದ್ದಾದರೆ, ಕಾಡಿನ ನಡುವೆ ಇಂಬಳ (ಜಿಗಣೆ) ಕಚ್ಚಿಸಿಕೊಂಡು ತಂತಿ ಎಳೆದ ಮೆಸ್ಕಾಂ ಲೈನ್‌ಮನ್‌ಗೆ ಕರೆಂಟು ಬಂದ ಮೇಲೆ ಒಂದು ಲೋಟ ಬಿಸಿ ಕಷಾಯ ಕೊಡಿ. ದೂರೂ ಇರಲಿ, ಕಷಾಯವೂ ಇರಲಿ.

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಬದುಕು ಬೇಡ ಎನಿಸುತ್ತಿದ್ದರೆ ಇದು ನೋಟ್‌ಬುಕ್ಕಿನಿಂದ ಆಗುವ ಕೆಲಸವಲ್ಲ. 14416 ಟೆಲಿ ಮಾನಸ್ ಸಹಾಯವಾಣಿಗೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಗೆರೆ ಎಳೆದಿಟ್ಟ ಹೆಸರು

ಆಸ್ಪತ್ರೆಯ ಬೆಂಚಿನ ಮೇಲೆ ಬರೆದ ಸರಪಳಿಯಲ್ಲಿ ಒಂದು ಹೆಸರಿಗೆ ಗೆರೆ ಎಳೆದಿದ್ದಿರಿ. ತಿಂಗಳೊಳಗೆ ಅವರಿಗೊಂದು ಕಾಗದ ಬರೆಯಿರಿ. ಒಂದು ಪುಟ ಮೀರದಿರಲಿ. ಅವರು ಮಾಡಿದ್ದೇನು ಎಂಬುದನ್ನು ಊರು, ವರ್ಷ, ಸಂದರ್ಭದ ಸಮೇತ ಬರೆಯಿರಿ, ಅದರಿಂದ ಮುಂದೆ ನಿಮ್ಮ ಬದುಕಿನಲ್ಲಿ ಏನಾಯಿತೆಂದು ಬರೆಯಿರಿ, ಈಗ ಹೇಗಿದ್ದೀರಿ ಎಂದು ಎರಡು ಸಾಲು. "ದೇವರಂಥವರು" ಎಂಬಂಥ ಪದಗಳನ್ನು ಹೊಡೆದು ಹಾಕಿ, ಅವು ಓದುವವರಿಗೆ ಮುಜುಗರ ತರುತ್ತವೆ. ಸಹಾಯ ಕೇಳುವ ಮಾತನ್ನು, ಅದೆಷ್ಟು ಸಣ್ಣದಾಗಿದ್ದರೂ, ಈ ಕಾಗದದಲ್ಲಿ ಸೇರಿಸಬೇಡಿ. ಸೇರಿಸಿದರೆ ಹಿಂದಿನ ಪುಟವೆಲ್ಲ ಪೀಠಿಕೆಯಾಗಿಬಿಡುತ್ತದೆ.

ಇಷ್ಟು ವರ್ಷ ಆದ ಮೇಲೆ ಹೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಹಿಂಜರಿಕೆ ಎಲ್ಲರಿಗೂ ಇರುತ್ತದೆ. 2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಾಸ್ ಎಪ್ಲಿ ಇದನ್ನೇ ಪರೀಕ್ಷಿಸಿದರು. ಕಾಗದ ಬರೆದವರು ಪಡೆದವರ ಮುಜುಗರವನ್ನು ಇದ್ದದ್ದಕ್ಕಿಂತ ಹೆಚ್ಚು ಅಂದಾಜಿಸಿದ್ದರು, ಅವರ ಸಂತೋಷವನ್ನು ಕಡಿಮೆ ಅಂದಾಜಿಸಿದ್ದರು.

ಸಾಧ್ಯವಿದ್ದರೆ ಕಾಗದವನ್ನು ನೀವೇ ತೆಗೆದುಕೊಂಡು ಹೋಗಿ ಓದಿ. ನಿವೃತ್ತ ಮೇಷ್ಟ್ರಾಗಲಿ, ನಿಮ್ಮನ್ನು ಈ ಲೋಕಕ್ಕೆ ತಂದ ಸೂಲಗಿತ್ತಿಯಾಗಲಿ, ಅಡಿಕೆ ಕೊನೆ ಇಳಿಸುತ್ತಿದ್ದು ಈಗ ಮರ ಹತ್ತಲಾಗದ ಕೊನೆಗಾರರಾಗಲಿ, ಮೊದಲೇ ಹೇಳಿಕಳಿಸಿ, ಅವರ ಮಧ್ಯಾಹ್ನದ ನಿದ್ದೆ ತಪ್ಪಿಸದಂತೆ ಹೋಗಿ. ಬೆಲೆ ಬಾಳುವ ಉಡುಗೊರೆ ಒಯ್ದರೆ ಅವರಿಗೆ ಅದು ಹಂಗು. ತೋಟದ ಬಾಳೆಹಣ್ಣೋ ಮನೆಯ ಮಿಡಿ ಉಪ್ಪಿನಕಾಯಿಯೋ ಸಾಕು. "ಅದೇನು ಮಹಾ ಬಿಡು ಮಾರಾಯ" ಎಂದು ಅವರು ಮಾತು ತೇಲಿಸುತ್ತಾರೆ, ಕೇಳದವರಂತೆ ಕೊನೆಯ ಸಾಲಿನವರೆಗೂ ಓದಿ ಮುಗಿಸಿ ಕಾಗದವನ್ನು ಅಲ್ಲೇ ಬಿಟ್ಟು ಬನ್ನಿ. ಹೋಗುವಾಗಲೇ ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿಟ್ಟುಕೊಂಡಿರಿ, ಅಂಥ ಮನೆಗಳಲ್ಲಿ ಊಟ ಹಾಕದೆ ಕಳಿಸುವುದಿಲ್ಲ.